ನಾಳೆಬನ್ನಿಯವರ ಟೋಕನ್

ಮೂವತ್ತೊಂದು ವರ್ಷ ಒಂದೇ ಕಿಟಕಿಯ ಹಿಂದೆ ಕೂತು ಒಂದೇ ಮಾತು ಹೇಳಿದವರಿಗೆ ಊರಿನವರು ಆ ಮಾತನ್ನೇ ಹೆಸರಾಗಿ ಕೊಟ್ಟರೆ ಊರಿನವರದ್ದೇನೂ ತಪ್ಪಿಲ್ಲ. ಜನನ-ಮರಣ ನೋಂದಣಿ ವಿಭಾಗದ ಈ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು, ಅದು ಪಿಂಚಣಿ ಪುಸ್ತಕದಲ್ಲಿ ಭದ್ರವಾಗಿದೆ. ಮಿಕ್ಕೆಲ್ಲ ಕಡೆ ಅವರು ನಾಳೆಬನ್ನಿಯವರು. ಹುಟ್ಟಿದವರ ಕಡೆಯವರೂ ನಾಳೆ ಬರಬೇಕು, ಸತ್ತವರ ಕಡೆಯವರೂ ನಾಳೆ ಬರಬೇಕು. ಹಾಗಂತ ಅವರು ಕೆಟ್ಟವರಲ್ಲ, ಯಾರಿಂದಲೂ ಒಂದು ಕಾಸೂ ಮುಟ್ಟಿದವರಲ್ಲ. "ಇಲ್ಲ ಅಂದ್ರೆ ಜನಕ್ಕೆ ಬೇಜಾರು, ಹೂಂ ಅಂದ್ರೆ ನನಗೆ ಕೆಲಸ. ನಾಳೆ ಬನ್ನಿ ಅಂದ್ರೆ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ" ಎನ್ನುವುದು ಅವರ ಸಿದ್ಧಾಂತ.

ಅವರ ಕೊರಳಲ್ಲಿ ಒಂದು ಕಂದು ಬಣ್ಣದ ಮಫ್ಲರ್ ಇತ್ತು. ಚಳಿಗೂ ಅದೇ, ಸೆಕೆಗೂ ಅದೇ. ಕಚೇರಿಯ ಬೀರುವಿನ ಕೀಲಿಯನ್ನು ಅದರ ತುದಿಗೆ ಗಂಟು ಹಾಕಿ ಬೆನ್ನ ಮೇಲೆ ಬಿಟ್ಟುಕೊಳ್ಳುತ್ತಿದ್ದರು. ಹಾಗೆ ಮಾಡಿದರೆ ಕೀಲಿ ಕಳೆಯುವುದಿಲ್ಲ, ಯಾರಾದರೂ ಅವಸರದಲ್ಲಿ ಕೇಳಿದರೆ ಕೂಡಲೇ ಸಿಗುವುದೂ ಇಲ್ಲ. ನಿವೃತ್ತಿಯ ದಿನ ಕೀಲಿ ಕಚೇರಿಗೆ ಹೋಯಿತು, ಮಫ್ಲರ್ ಕೊರಳಲ್ಲೇ ಉಳಿಯಿತು.

ಇಂಥವರು ವಿದೇಶ ಪ್ರವಾಸಕ್ಕೆ ಹೊರಟದ್ದು ಷಡ್ಡಕರ ಕಾಟಕ್ಕೆ. ಹೆಂಡತಿಯ ತಂಗಿಯ ಗಂಡ ಅದುವರೆಗೆ ಹನ್ನೊಂದು ದೇಶ ನೋಡಿದ್ದರು, ಹನ್ನೆರಡನೆಯದನ್ನು ನೋಡುವಾಗ ಬೆರಗಾಗುವುದಕ್ಕೆ ಪಕ್ಕದಲ್ಲಿ ಯಾರಾದರೂ ಬೇಕಿತ್ತು. ಹಾಗಾಗಿ ನಾಲ್ಕು ಜನ, ಹತ್ತು ದಿನ. ಎಂಟನೆಯ ದಿನ ಮಧ್ಯಾಹ್ನ ಷಡ್ಡಕರು ಎಲ್ಲರನ್ನೂ ಒಂದು ದೊಡ್ಡ ಗಾಜಿನ ಕಟ್ಟಡದ ಮುಂದೆ ನಿಲ್ಲಿಸಿದರು.

"ಭಾವ, ಇದು ಹೊಸ ಥರದ ಕಲೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿರೋ ಚಿತ್ರ ಅಲ್ಲ. ಕಲಾವಿದರು ಏನೋ ಒಂದು ಮಾಡ್ತಾ ಇರ್ತಾರೆ, ನಾವೂ ಹೋಗಿ ಸೇರ್ಕೋಬೇಕು. ನಿಮಗೆ ಅರ್ಥ ಆಗೋದು ಕಷ್ಟ. ಬೇಕಾದ್ರೆ ಇಲ್ಲೇ ಬೆಂಚಿನ ಮೇಲೆ ಕೂತಿರಿ."

ಬೆಂಚಿನ ಮೇಲೆ ಜನರನ್ನು ಕೂರಿಸಿ ಅಭ್ಯಾಸವಿದ್ದವರೇ ಹೊರತು ನಾಳೆಬನ್ನಿಯವರಿಗೆ ತಾವು ಕೂತು ಅಭ್ಯಾಸವಿರಲಿಲ್ಲ. "ಅರ್ಥ ಆಗದೆ ಏನು? ಮೂವತ್ತೊಂದು ವರ್ಷ ಎಂತೆಂಥ ಕೈಬರಹ ಅರ್ಥ ಮಾಡ್ಕೊಂಡಿದೀನಿ" ಎಂದು ಮಫ್ಲರನ್ನು ಹೆಗಲಿನಿಂದ ಹಿಂದಕ್ಕೆ ಎಸೆದು ಒಳಗೆ ನಡೆದರು.

ಬಾಗಿಲಲ್ಲೇ ಚೀಲಗಳನ್ನು ಇಡುವ ಕೌಂಟರು. ನಾಲ್ವರ ಪಾಸ್‌ಪೋರ್ಟೂ ನಾಳೆಬನ್ನಿಯವರ ಹೆಂಡತಿಯ ಕೈಚೀಲದಲ್ಲಿದ್ದವು. ಅದನ್ನು ಅಲ್ಲಿ ಇಟ್ಟರು. ಕೌಂಟರಿನ ದಪ್ಪ ಆಸಾಮಿ ಒಂದು ನೀಲಿ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟ. ನಂಬರ್ ಇನ್ನೂರ ಹನ್ನೆರಡು.

"ಕೊಡಿ ಇಲ್ಲಿ, ನಾನು ಇಟ್ಕೊತೀನಿ" ಎಂದರು ಹೆಂಡತಿ.

"ಸರ್ಕಾರದ ಬೀರುವಿನ ಕೀಲಿ ಇಟ್ಕೊಂಡವನು ನಾನು. ನೀನು ಮುಂದೆ ನಡಿ."

ಹೆಂಡತಿ ಮುಂದೆ ನಡೆದರು. ಮದುವೆಯಾದಾಗಿನಿಂದ ಅವರು ಗಂಡನಿಗಿಂತ ಎರಡು ಹೆಜ್ಜೆ ಮುಂದೆಯೇ. ಹಿಂದೆ ನಡೆದರೆ ಎಲ್ಲಿಗೂ ತಲುಪುವುದಿಲ್ಲ ಎಂದು ಮೊದಲನೇ ವಾರದಲ್ಲೇ ಗೊತ್ತಾಗಿತ್ತು.

ಷಡ್ಡಕ ದಂಪತಿ ಮೇಲಿನ ಮಹಡಿಗೆ ಹೋದರು. ಇವರು ಕೆಳಗೇ ಉಳಿದರು. ಒಂದು ಕೋಣೆಯಲ್ಲಿ ಒಬ್ಬ ಯುವಕ ಒಂದು ಬಕೆಟ್ಟಿನ ಮರಳನ್ನು ಇನ್ನೊಂದಕ್ಕೆ ಸುರಿಯುತ್ತಿದ್ದ, ಅದು ತುಂಬಿದ ಮೇಲೆ ವಾಪಸು ಇದಕ್ಕೆ. ಜನ ಸರದಿಯಲ್ಲಿ ನಿಂತು ಅವನಿಗೆ ಬಕೆಟ್ಟು ಎತ್ತಿಕೊಡುತ್ತಿದ್ದರು. ನಾಳೆಬನ್ನಿಯವರು ಹತ್ತು ನಿಮಿಷ ನೋಡಿ, "ಇವನ ಮೇಲಧಿಕಾರಿ ಯಾರೋ, ಪಾಪ, ಒಳ್ಳೆ ಹುಡುಗ. ಹೇಳಿದ್ದಷ್ಟು ಮಾಡ್ತಾನೆ" ಎಂದರು. ಇನ್ನೊಂದು ಕೋಣೆಯಲ್ಲಿ ಒಬ್ಬಾಕೆ ಬಂದವರ ಕಣ್ಣನ್ನೇ ದಿಟ್ಟಿಸುತ್ತ ಸುಮ್ಮನೆ ಕೂತಿದ್ದಳು. ಹೆಂಡತಿ ಅವಳೆದುರು ಎರಡು ನಿಮಿಷ ಕೂತು, "ಇದಕ್ಕೆ ಇಲ್ಲೀವರೆಗೂ ಬರಬೇಕಿತ್ತಾ? ನೀವು ಹೇಳದೆ ಕೇಳದೆ ಯಾರನ್ನೋ ಊಟಕ್ಕೆ ಕರ್ಕೊಂಡು ಬಂದ ದಿನ ನಿಮ್ಮನ್ನ ನಾನು ಹೀಗೇ ನೋಡ್ತೀನಲ್ಲ" ಎಂದು ಎದ್ದರು.

ನಾಲ್ಕು ಗಂಟೆಗೆ ಹೊರಡುವ ಹೊತ್ತಾಯಿತು. ಐದಕ್ಕೆ ಬಾಗಿಲು ಮುಚ್ಚುತ್ತದೆ. ಆರೂವರೆಗೆ ಗಡಿ ದಾಟುವ ರೈಲು. ನಾಳೆಬನ್ನಿಯವರು ಜೇಬಿಗೆ ಕೈ ಹಾಕಿದರು. ಎಡ ಜೇಬು. ಬಲ ಜೇಬು. ಕೋಟಿನ ಒಳಜೇಬು. ಕನ್ನಡಕದ ಡಬ್ಬಿ. ಕಾಲುಚೀಲ.

"ಟೋಕನ್ ಕಾಣ್ತಿಲ್ಲ."

"ಸರ್ಕಾರದ ಬೀರುವಿನ ಕೀಲಿ ಇಟ್ಕೊಂಡವರಲ್ವಾ ನೀವು?" ಎಂದರು ಹೆಂಡತಿ. ಆಮೇಲೆ ಮುಖ ಬೆಳ್ಳಗಾಗಿ, "ಅಯ್ಯೋ! ಪಾಸ್‌ಪೋರ್ಟು! ನಾಳೆ ನಾಡಿದ್ದು ಇಲ್ಲಿ ರಜಾ ಅಂತ ಬಾಗಿಲಲ್ಲೇ ಬರೆದಿದಾರೆ. ತಂಗಿ ಗಂಡನಿಗೆ ಗೊತ್ತಾದ್ರೆ ಸಾಯೋವರೆಗೂ ಆಡ್ಕೋತಾನೆ."

ನಾಳೆಬನ್ನಿಯವರಿಗೆ ರೈಲಿಗಿಂತ ಈ ಕೊನೆಯ ಮಾತು ಜೋರಾಗಿ ತಾಗಿತು.

ಚೀಲದ ಕೌಂಟರಿಗೆ ಓಡಿದರೆ ಅಲ್ಲಿ ಯಾರೂ ಇಲ್ಲ. ಪಕ್ಕದ ಓಣಿಯಲ್ಲಿ ಒಂದು ಫಲಕ ಕಂಡಿತು. ಹೆಂಡತಿ ಫೋನನ್ನು ಅದರತ್ತ ಹಿಡಿದರು. ಯಾವ ಭಾಷೆಯನ್ನಾದರೂ ಕನ್ನಡ ಮಾಡುವ ಯಂತ್ರವನ್ನು ಅದರಲ್ಲಿ ಮಗಳು ಹಾಕಿಕೊಟ್ಟಿದ್ದಳು. ಯಂತ್ರ ಗಂಭೀರವಾಗಿ ಹೇಳಿತು: "ಕಳೆದುಹೋದವುಗಳ ಕಚೇರಿ."

"ನೋಡು, ಇದಕ್ಕೇ ಅನ್ನೋದು ವ್ಯವಸ್ಥೆ ಅಂತ!" ಎಂದರು ನಾಳೆಬನ್ನಿಯವರು.

ಓದುವವರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಅದು ಕಚೇರಿಯಲ್ಲ, ಅದೂ ಒಂದು ಕಲಾಕೃತಿ. ಒಬ್ಬ ಪ್ರಸಿದ್ಧ ಕಲಾವಿದೆ ಇಪ್ಪತ್ತಮೂರು ದಿನದಿಂದ ಅಲ್ಲಿ ಗುಮಾಸ್ತೆಯ ವೇಷದಲ್ಲಿ ಕೂತಿದ್ದಳು. ಜನ ಬಂದು ತಮ್ಮ ಬದುಕಿನಲ್ಲಿ ಕಳೆದುಹೋದದ್ದನ್ನು ಅರ್ಜಿಯಲ್ಲಿ ಬರೆದುಕೊಡಬೇಕು, ಆಕೆ ಸೀಲು ಒತ್ತಿ ಒಂದು ಮಾತು ಹೇಳಬೇಕು, ಅವರು ಮನಸ್ಸು ಭಾರ ಮಾಡಿಕೊಂಡು ಹೋಗಬೇಕು. ಇಷ್ಟೇ.

ಆದರೆ ಒಳಗೆ ಕಾಲಿಟ್ಟ ನಾಳೆಬನ್ನಿಯವರ ಕಣ್ಣು ತುಂಬಿ ಬಂತು. ಸೂರಿನವರೆಗೆ ಕಂದು ಕಡತಗಳು. ಎತ್ತರದ ಕೌಂಟರು, ಗಾಜು, ಗಾಜಿನಲ್ಲಿ ಅರ್ಧಚಂದ್ರದ ತೂತು. ನಿಂತುಹೋದ ಗಡಿಯಾರ. ಇಂಕು ಒಣಗಿದ ಸೀಲಿನ ಡಬ್ಬಿ.

"ಪೆನ್ನಿಗೆ ದಾರ ಕಟ್ಟಿದಾರೆ ಕಣೇ! ಈ ದೇಶ ಸುಮ್ಮಸುಮ್ಮನೆ ಮುಂದೆ ಬಂದಿಲ್ಲ."

ಸರದಿಯಲ್ಲಿ ಮುಂದೆ ಒಬ್ಬ ಎತ್ತರದ ಹೆಂಗಸು ಅಳುತ್ತಿದ್ದಳು. ಯಂತ್ರ ಅವಳ ಮಾತನ್ನು ಕನ್ನಡ ಮಾಡಿತು: "ನಾನು ನನ್ನ ನಗುವನ್ನು ಕಳೆದುಕೊಂಡಿರುತ್ತೇನೆ."

"ಎಲ್ಲಂತೆ?" ಎಂದು ಕೇಳಿದರು ನಾಳೆಬನ್ನಿಯವರು.

"ಅದನ್ನ ಹೇಳ್ತಿಲ್ಲ."

"ಸ್ಥಳ ಬರೀದೆ ಅರ್ಜಿ ಹೇಗೆ ತಗೊಂಡ್ರು? ನಾನಾಗಿದ್ರೆ ತಗೋತಿರ್ಲಿಲ್ಲ."

ಅವಳ ಹಿಂದಿನ ಗಡ್ಡದವನು ತನ್ನ ಹತ್ತೊಂಬತ್ತನೇ ವಯಸ್ಸನ್ನು ಕಳೆದುಕೊಂಡಿದ್ದ. "ಜನನ ಪ್ರಮಾಣಪತ್ರ ತಂದಿದಾನಾ ಕೇಳು" ಎಂದರು ಇವರು.

ಕಿಟಕಿಯ ಹಿಂದಿನ ಗುಮಾಸ್ತೆ ಬೂದು ಕೋಟು ಹಾಕಿ, ಕೂದಲು ಬಿಗಿದು ಕಟ್ಟಿ, ಮುಚ್ಚಿದ ಬಾಗಿಲಿನಂಥ ಮುಖ ಮಾಡಿಕೊಂಡಿದ್ದಳು. ಇಬ್ಬರ ಅರ್ಜಿಗೂ ಸೀಲು ಒತ್ತಿ ಒಂದೊಂದು ಮಾತು ಹೇಳಿದಳು. ಇಬ್ಬರೂ ತಲೆಬಾಗಿ, ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದರು.

"ಏನಂದ್ಲು?"

ಹೆಂಡತಿ ಯಂತ್ರವನ್ನು ಕೇಳಿಸಿಕೊಂಡರು. ಮುಖದಲ್ಲಿ ನಿಧಾನವಾಗಿ ನಗು ಹರಡಿತು. "'ನಾಳೆ ಬನ್ನಿ' ಅಂದ್ಲಂತೆ ರೀ."

ಅಷ್ಟರಲ್ಲಿ ನಾಳೆಬನ್ನಿಯವರ ಸರದಿ ಬಂತು. ಅರ್ಜಿಯ ಪ್ರಶ್ನೆಗಳನ್ನು ಹೆಂಡತಿ ಒಂದೊಂದಾಗಿ ಯಂತ್ರದಿಂದ ಓದಿಸಿದರು. ನಾಳೆಬನ್ನಿಯವರು ದಾರ ಕಟ್ಟಿದ ಪೆನ್ನು ಹಿಡಿದು, ಕನ್ನಡದಲ್ಲೇ, ದುಂಡಗೆ ಬರೆಯುತ್ತ ಹೋದರು.

ನೀವು ಕಳೆದುಕೊಂಡದ್ದು ಏನು? "ಟೋಕನ್. ಒಂದು. ನೀಲಿ. ನಂ. 212."

ಅದನ್ನು ಕೊನೆಯ ಬಾರಿ ಅನುಭವಿಸಿದ್ದು ಯಾವಾಗ? "ಈ ದಿನ ಮಧ್ಯಾಹ್ನ 1.40ಕ್ಕೆ."

ಅದಿಲ್ಲದೆ ನೀವು ಯಾರು? "ಪಾಸ್‌ಪೋರ್ಟ್ ಇಲ್ಲದವನು."

ಅದೂ ನಿಮ್ಮನ್ನು ಹುಡುಕುತ್ತಿರಬಹುದೇ? ಇಲ್ಲಿ ಅವರು ಸ್ವಲ್ಪ ಯೋಚಿಸಿದರು. "ಇಲ್ಲ. ಪ್ಲಾಸ್ಟಿಕ್."

ಅದು ಮರಳಿ ಬಂದರೆ ಏನು ಹೇಳುವಿರಿ? "ಸದರಿ ಟೋಕನ್ ತಲುಪಿರುತ್ತದೆ ಎಂದು ರಸೀದಿ ಕೊಡಲಾಗುವುದು."

ಕೆಳಗೆ ಪಿನ್‌ಕೋಡ್ ಸಮೇತ ವಿಳಾಸ, ಸಹಿ, ದಿನಾಂಕ, ಸಹಿಯಡಿ ಎರಡು ಗೆರೆ. ಪರ್ಸಿನಿಂದ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು ಮೂಲೆಗೆ ಗುಂಡುಸೂಜಿ ಚುಚ್ಚಿದರು. ಫೋಟೋ, ಗುಂಡುಸೂಜಿ ಎರಡೂ ಇಲ್ಲದೆ ಅವರು ಮನೆಯಿಂದ ಹೊರಟವರೇ ಅಲ್ಲ.

ಗುಮಾಸ್ತೆಯ ಮೇಜಿನಲ್ಲೂ ಒಂದು ಯಂತ್ರವಿತ್ತು. ಅದರ ಕೆಳಗೆ ಅರ್ಜಿ ಹಿಡಿದು ಓದಿದಳು. ಮೊದಲನೆಯ ಉತ್ತರಕ್ಕೆ ಹುಬ್ಬು ಅಲುಗಿತು. ನಾಲ್ಕನೆಯದಕ್ಕೆ ತುಟಿಯ ಒಂದು ತುದಿ ನಡುಗಿತು. ಇಪ್ಪತ್ತಮೂರು ದಿನದ ಸಾಧನೆ, ಸಾವರಿಸಿಕೊಂಡಳು. ಸೀಲು ಒತ್ತಿ, ಕಡತಕ್ಕೆ ಸೇರಿಸಿ, ಹೇಳಿದಳು.

"ನಾಳೆ ಬನ್ನಿ" ಎಂದಿತು ಯಂತ್ರ.

"ಮಾಡಿದ್ದುಣ್ಣೋ ಮಹಾರಾಯ" ಎಂದರು ಹೆಂಡತಿ.

ಬೇರೆಯವರಾಗಿದ್ದರೆ ಹೊರಟುಹೋಗುತ್ತಿದ್ದರು. ಆದರೆ ಆ ಮಾತಿನ ಒಳಗುಟ್ಟು ನಾಳೆಬನ್ನಿಯವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರಲು ಸಾಧ್ಯ? ನಾಳೆ ಬನ್ನಿ ಎಂದರೆ ಇವತ್ತೂ ಆಗುತ್ತದೆ ಎಂದೇ ಅರ್ಥ. ಅದನ್ನು ಗೆದ್ದವರು ಮೂವತ್ತೊಂದು ವರ್ಷದಲ್ಲಿ ಒಬ್ಬರೇ: ಗಂಡನ ಮರಣ ಪ್ರಮಾಣಪತ್ರ ಕೇಳಿಕೊಂಡು ಬಂದ ಒಬ್ಬ ಮುದುಕಿ. ಬಯ್ಯಲಿಲ್ಲ, ಬೇಡಲಿಲ್ಲ. ಮನೆಯಿಂದ ಸ್ಟೂಲು ತಂದು ಅವರ ಕಿಟಕಿಗೆ ಎದುರಾಗಿ ಹಾಕಿ, ಸುಮ್ಮನೆ ಅವರನ್ನೇ ನೋಡುತ್ತ ಕೂತಳು. ಮೂರು ತಾಸಿನಲ್ಲಿ ಪತ್ರ ಅವಳ ಕೈಯಲ್ಲಿತ್ತು. ಹೊರಡುವಾಗ, "ಏನೂ ಇಲ್ಲಪ್ಪಾ, ನೀನೂ ಒಬ್ಬನೇ ಕೂತಿದ್ದೆ, ನಾನೂ ಒಬ್ಬಳೇ ಇದ್ದೆ" ಅಂದಿದ್ದಳು.

ನಾಳೆಬನ್ನಿಯವರು ಗೋಡೆ ಪಕ್ಕದ ಒಂದು ಕುರ್ಚಿಯನ್ನು ದರದರ ಎಳೆದು ತಂದು, ಕಿಟಕಿಯ ನೇರಕ್ಕೆ ಹಾಕಿ, ಕೂತರು.

ಗುಮಾಸ್ತೆ ತಲೆಯೆತ್ತಿದಳು. ತಗ್ಗಿಸಿದಳು. ಮತ್ತೆ ಎತ್ತಿದಳು. ಅವರು ಅಲ್ಲೇ ಇದ್ದರು.

"ಕೇಳು," ಎಂದರು ಹೆಂಡತಿಗೆ, "ಮನೇಲಿ ಎಲ್ಲ ಚೆನ್ನಾಗಿದಾರಾ ಅಂತ."

ಹೆಂಡತಿ ಫೋನನ್ನು ತೂತಿನಲ್ಲಿ ಹಿಡಿದರು. ಯಂತ್ರ ಕೇಳಿತು. ಇಪ್ಪತ್ತಮೂರು ದಿನದಿಂದ ಊರವರ ನೋವೆಲ್ಲ ಕೇಳಿಸಿಕೊಂಡ ಆ ಹೆಣ್ಣನ್ನು ನಿನ್ನ ಮನೇಲಿ ಹೇಗಿದಾರೆ ಎಂದು ಕೇಳಿದವರು ಯಾರೂ ಇರಲಿಲ್ಲ. ಅವಳು ಸೀಲನ್ನು ಎತ್ತಿ, ಒತ್ತದೆ ಮತ್ತೆ ಕೆಳಗಿಟ್ಟಳು. "ನಾಳೆ ಬನ್ನಿ" ಎಂದಳು, ಆದರೆ ಈ ಸಲ ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

"ನಾಳೆ ರಜಾ" ಎಂದರು ನಾಳೆಬನ್ನಿಯವರು. "ಊಟ ಆಯ್ತಾ ಕೇಳು."

ಹಿಂದೆ ಜನ ಸೇರತೊಡಗಿದರು. ಹತ್ತು, ಇಪ್ಪತ್ತು, ಮೂವತ್ತು. ಅವರ ಬೆನ್ನನ್ನು ನೋಡಿ ಪಿಸುಗುಟ್ಟಿದರು, ತಲೆದೂಗಿದರು, ಫೋಟೋ ತೆಗೆದರು. ಒಬ್ಬಾಕೆ ಅವರ ಬೆನ್ನ ಕಡೆ ಬೆರಳು ತೋರಿಸಿ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದಾಗ ಅವನು ಭಾವಪರವಶನಾಗಿ ಎದೆಯ ಮೇಲೆ ಕೈಯಿಟ್ಟುಕೊಂಡ. ನಾಳೆಬನ್ನಿಯವರಿಗೆ ಇದು ಗಮನಕ್ಕೆ ಬಂತು. ಅನುಭವಸ್ಥರ ಬೆನ್ನಿನಲ್ಲೂ ಒಂದು ಕಳೆ ಇರುತ್ತದೆ ಎಂದುಕೊಂಡು ಇನ್ನಷ್ಟು ನೆಟ್ಟಗೆ ಕೂತರು.

ಕಾವಲುಗಾರ ಓಡಿಬಂದ. ಹೆಂಡತಿಯ ಫೋನಿಗೆ ಬಾಯಿಟ್ಟು ಏನೋ ಹೇಳಿದ. ಯಂತ್ರ ನುಡಿಯಿತು: "ಮಾನ್ಯರೇ, ಇದು ನಿಜವಾದ ಕಚೇರಿಯಲ್ಲ. ಇದು ಕಲೆ."

"ಕಲೆಯೇ ಮತ್ತೆ!" ಎಂದರು ನಾಳೆಬನ್ನಿಯವರು. "ಎಲ್ಲರಿಗೂ ಬರುತ್ತಾ ಇದು? ಮೂವತ್ತೊಂದು ವರ್ಷ ನಾನೂ ಇದನ್ನೇ ಮಾಡಿದ್ದು. ಈ ಹೆಣ್ಣುಮಗಳ ಕೈ ಚೆನ್ನಾಗಿದೆ, ಆದರೆ ಇನ್ನೂ ಅನುಭವ ಸಾಲದು."

ಇದನ್ನು ಯಂತ್ರ ಅವರ ಭಾಷೆಗೆ ತಿರುಗಿಸಿದ್ದೇ ತಡ, ಎಲ್ಲೋ ಒಂದು ಗೊರಕೆಯಂಥ ಸದ್ದು ಬಂತು. ನಗು ಕಳೆದುಕೊಂಡಿದ್ದ ಎತ್ತರದ ಹೆಂಗಸು. ಕೈಯಿಂದ ಬಾಯಿ ಮುಚ್ಚಿಕೊಂಡಳು, ಆಗಲಿಲ್ಲ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಡತಗಳೇ ಅಲುಗುವ ಹಾಗೆ ನಕ್ಕಳು.

ನಾಳೆಬನ್ನಿಯವರು ತಿರುಗಿ ನೋಡಿ, ಮತ್ತೆ ಕಿಟಕಿಯ ಕಡೆ ಮುಖ ಮಾಡಿ, ಕರ್ತವ್ಯಪ್ರಜ್ಞೆಯಿಂದ ಹೇಳಿದರು: "ಇವರದ್ದು ಸಿಕ್ಕಿತು. ವಿಲೇವಾರಿ ಅಂತ ಬರೆದು ಸೀಲು ಹಾಕಿ."

ಎತ್ತರದ ಹೆಂಗಸು ಕಣ್ಣೊರೆಸಿಕೊಂಡು ಒಂದು ಕುರ್ಚಿ ತಂದು ಅವರ ಪಕ್ಕ ಕೂತಳು. ಗಡ್ಡದವನೂ ಒಂದು ತಂದ. ಆಮೇಲೆ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದೋ ಸದ್ದು. ನಾಳೆ ಬನ್ನಿ ಎನ್ನಿಸಿಕೊಂಡು ಮನಸ್ಸು ಭಾರ ಮಾಡಿಕೊಂಡಿದ್ದವರೆಲ್ಲ ಇವತ್ತೇ ಆಗಲಿ ಎಂದು ಸಾಲುಸಾಲಾಗಿ ಕೂತು ಆಕೆಯನ್ನೇ ನೋಡತೊಡಗಿದರು.

ಗಂಟೆ ನಾಲ್ಕೂ ಮುಕ್ಕಾಲು. ಕಲಾವಿದೆ ಪೆನ್ನು ಕೆಳಗಿಟ್ಟಳು. ಬೂದು ಕೋಟಿನ ಮೇಲಿನ ಗುಂಡಿ ಬಿಚ್ಚಿದಳು. ಪಕ್ಕದ ಬಾಗಿಲು ತೆರೆದು ಹೊರಗೆ ಬಂದಳು. ಜನ ಹೋ ಎಂದರು. ಆಕೆ ಮುಂದೆ, ಅವಳ ಹಿಂದೆ ಹೆಂಡತಿ, ಎರಡು ಹೆಜ್ಜೆ ಹಿಂದೆ ನಾಳೆಬನ್ನಿಯವರು, ಅವರ ಹಿಂದೆ ನಲವತ್ತು ಜನ. ಮೆರವಣಿಗೆ ಚೀಲದ ಕೌಂಟರಿಗೆ ಹೊರಟಿತು.

ಅಲ್ಲಿ ದಪ್ಪ ಆಸಾಮಿ ಆಗಲೇ ಕೋಟಿಗೆ ಒಂದು ತೋಳು ತೂರಿಸಿದ್ದ. ಕಲಾವಿದೆ ಅವನಿಗೆ ವಿಷಯ ವಿವರಿಸಿದಳು. ಅವನು ಅಂಗೈ ಚಾಚಿದ. ಟೋಕನ್?

"ಟೋಕನ್ ಕಳೆದಿದೆ. ಆದರೆ ಚೀಲ ಅಲ್ಲೇ ಕಾಣ್ತಿದೆ, ಮೂರನೇ ಖಾನೆ, ಕೆಂಪು ಬಣ್ಣದ್ದು" ಎಂದರು ಹೆಂಡತಿ ಯಂತ್ರದ ಮೂಲಕ.

ದಪ್ಪ ಆಸಾಮಿ ಚೀಲವನ್ನು ನೋಡಿದ. ಗಡಿಯಾರ ನೋಡಿದ. ಕೋಟಿನ ಇನ್ನೊಂದು ತೋಳು ತೂರಿಸಿದ. ಹೇಳಿದ.

"ನಾಳೆ ಬನ್ನಿ" ಎಂದಿತು ಯಂತ್ರ.

"ನಾಳೆ ರಜಾ ಅಲ್ವಾ?" ಎಂದು ಕೇಳಿಸಿದರು ನಾಳೆಬನ್ನಿಯವರು.

"ಹೌದು" ಎಂದ ಅವನು.

ನಾಳೆಬನ್ನಿಯವರು ಬೆರಗಾಗಿ ನಿಂತರು. ಇಡೀ ಸೇವಾವಧಿಯಲ್ಲಿ ಅವರು ಈ ಎತ್ತರ ಮುಟ್ಟಿರಲಿಲ್ಲ. ಮನಸ್ಸಿನಲ್ಲೇ ಕೈಮುಗಿದರು.

ಆದರೆ ಕಲಾವಿದೆ ಕೈಮುಗಿಯಲಿಲ್ಲ. ಇಪ್ಪತ್ತಮೂರು ದಿನ ಸಾವಿರಾರು ಜನಕ್ಕೆ ಆ ಮಾತು ಹೇಳಿದ್ದಳು, ಯಾರಾದರೂ ತನಗೆ ಹೇಳಿದರೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಕಿವಿಯವರೆಗೂ ಕೆಂಪಾದಳು. ಸರಸರ ವಾಪಸು ಹೋಗಿ, ನಾಳೆಬನ್ನಿಯವರು ಕೂತಿದ್ದ ಅದೇ ಕುರ್ಚಿಯನ್ನು ಎತ್ತಿಕೊಂಡು ಬಂದು, ಕೌಂಟರಿನ ಮುಂದೆ ಠಪ್ಪೆಂದು ಕುಕ್ಕಿ, ಕೂತಳು. ಹಿಂದೆಯೇ ನಲವತ್ತು ಕುರ್ಚಿ ಬಂದವು. ಕಾವಲುಗಾರನೂ ಆಚೀಚೆ ನೋಡಿ ಒಂದನ್ನು ತಂದ. ಅವನಿಗೂ ಆ ಮನುಷ್ಯನ ಮೇಲೆ ಹಳೆಯ ಸಿಟ್ಟೇನೋ ಇದ್ದಿರಬೇಕು.

ದಪ್ಪ ಆಸಾಮಿ ಐದು ನಿಮಿಷ ತಡೆದ. ಆರನೆಯ ನಿಮಿಷಕ್ಕೆ ಕೆಂಪು ಚೀಲ ಕೌಂಟರಿನ ಮೇಲಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಗಲಾಟೆಯಲ್ಲೇ ಷಡ್ಡಕರು ಮೇಲಿನಿಂದ ಇಳಿದು ಬಂದದ್ದು. ನೋಡುತ್ತಾರೆ, ಜನಜಂಗುಳಿಯ ನಟ್ಟನಡುವೆ ತಮ್ಮ ಭಾವ, ಪ್ರಸಿದ್ಧ ಕಲಾವಿದೆ ಅವರ ಕೈ ಕುಲುಕುತ್ತಿದ್ದಾಳೆ!

"ಏನ್ ಭಾವ ಇದು?"

"ಹೊಸ ಥರದ ಕಲೆ" ಎಂದರು ನಾಳೆಬನ್ನಿಯವರು. "ನಿಮಗೆ ಅರ್ಥ ಆಗೋದು ಕಷ್ಟ."

ರೈಲು ಸಿಕ್ಕಿತು. ಗಡಿಯಲ್ಲಿ ಪಾಸ್‌ಪೋರ್ಟು ತೋರಿಸಿದ ಮೇಲೆ ನಾಳೆಬನ್ನಿಯವರು ಕೊರಳು ಮುಟ್ಟಿ ನೋಡಿಕೊಂಡರು. ಮಫ್ಲರ್ ಇಲ್ಲ. ಆ ಗದ್ದಲದಲ್ಲಿ ಅದು ಯಾವುದೋ ಕುರ್ಚಿಯ ಬೆನ್ನಿಗೆ ಸಿಕ್ಕಿ ಅಲ್ಲೇ ಉಳಿದಿತ್ತು. ಎರಡು ದಿನ ಮಂಕಾದರು.

ಊರಿಗೆ ಬಂದ ಮೇಲೆ ಮಂಕು ಹರಿಯಿತು. ಬೀದಿಯವರಿಗೆ ಕಥೆ ಹೇಳಿದ್ದೇ ಹೇಳಿದ್ದು. ಹೇಳಿದಷ್ಟೂ ಟೋಕನ್ ಕಳೆದ ಬಗೆ ಬೆಳೆಯಿತು. ಮೊದಲು ಅದು ಬಿದ್ದುಹೋಗಿತ್ತು. ಎರಡನೇ ವಾರ ಯಾರೋ ಜೇಬು ಕತ್ತರಿಸಿದರು. ತಿಂಗಳಾಗುವಷ್ಟರಲ್ಲಿ ಮೂವರು ಕಳ್ಳರ ತಂಡ, ಅದರಲ್ಲೊಬ್ಬ ಬಕೆಟ್ಟಿನಲ್ಲಿ ಮರಳು ಸುರಿಯುವ ವೇಷದವನು.

"ಎಚ್ಚರಿಕೆ ಇಲ್ದಿದ್ರೆ ಹೀಗೇ ಆಗೋದು" ಎಂದು ಷಡ್ಡಕರು ಚುಚ್ಚಿದರೆ, "ಎಂಥ ಎಚ್ಚರಿಕೆ ರೀ! ಅಂಥ ಕೈಚಳಕದ ಮುಂದೆ ಬ್ರಹ್ಮನಿಗೂ ಏನೂ ಮಾಡಕ್ಕಾಗಲ್ಲ" ಎನ್ನುತ್ತಿದ್ದರು.

ಐದು ತಿಂಗಳ ಮೇಲೆ ಒಂದು ಪಾರ್ಸೆಲ್ ಬಂತು. ಅರ್ಜಿಯಲ್ಲಿ ವಿಳಾಸವನ್ನು ಪಿನ್‌ಕೋಡ್ ಸಮೇತ ದುಂಡಗೆ ಬರೆದಿದ್ದರಲ್ಲ. ಆ ದಿನ ಷಡ್ಡಕರೂ ಬಂದಿದ್ದರು, ಎದುರುಮನೆಯ ಮೇಷ್ಟರೂ ಇದ್ದರು. ಎಲ್ಲರೆದುರು ಹೆಂಡತಿ ಪಾರ್ಸೆಲ್ ಬಿಚ್ಚಿದರು. ಕಂದು ಮಫ್ಲರ್. ಇಸ್ತ್ರಿ ಹಾಕಿ ಮಡಚಿದ್ದರು. ಮೇಲೊಂದು ಕಾಗದ. ಹೆಂಡತಿ ಅದನ್ನು ಫೋನಿಗೆ ತೋರಿಸಿದರು, ಯಂತ್ರ ಗಂಭೀರವಾಗಿ ಓದಿತು:

"ಮಾನ್ಯರೇ, ನಮ್ಮ ಕಚೇರಿಗೆ ಬಂದ ನಾಲ್ಕು ಸಾವಿರ ಅರ್ಜಿಗಳಲ್ಲಿ ವಿಲೇವಾರಿ ಆದದ್ದು ಎರಡೇ. ಒಂದು ನಗು. ಇನ್ನೊಂದು ತಮ್ಮದು. ಸದರಿ ವಸ್ತುವನ್ನು ಇದರೊಂದಿಗೆ ಕಳುಹಿಸಲಾಗಿದೆ, ರಸೀದಿ ಕೊಡತಕ್ಕದ್ದು. ತಮ್ಮ ಹಿಂದೆ ಕೂತಿದ್ದ ನಲವತ್ತು ಜನರೂ ಅದನ್ನು ಆರಂಭದಿಂದಲೇ ನೋಡುತ್ತಿದ್ದರು. ಹುಡುಕುವುದನ್ನು ಬೆನ್ನ ಮೇಲೆಯೇ ಹೊತ್ತು ಹುಡುಕುವುದು ಈ ಕಲಾಕೃತಿಯ ತಿರುಳು ಎಂದು ಭಾವಿಸಿ, ಗೌರವದಿಂದ ಯಾರೂ ಬಾಯಿ ಬಿಡಲಿಲ್ಲ."

ಹೆಂಡತಿ ಮಫ್ಲರ್ ಕೊಡವಿದರು. ತುದಿಯ ಬಿಗಿಯಾದ ಗಂಟಿನಲ್ಲಿ, ಹಳೆಯ ಕೀಲಿಯ ಜಾಗದಲ್ಲಿ, ನೀಲಿ ಬಿಲ್ಲೆ ತೂಗಾಡಿತು. ಇನ್ನೂರ ಹನ್ನೆರಡು.

ಮೇಷ್ಟರು ಕೆಮ್ಮಿದರು. ಷಡ್ಡಕರು ಆನಂದದಿಂದ ಕಾಲು ಮಡಚಿ, ಸಂಜೆಯವರೆಗೂ ಏಳುವುದಿಲ್ಲ ಎನ್ನುವಂತೆ ಕೂತರು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದವಳಿಗಾದ್ರೂ ಕ್ಷಮೆ ಇದೆ ರೀ" ಎಂದರು ಹೆಂಡತಿ. "ಅವಳು ಕಳ್ಳರ ತಂಡದ ಕಥೆ ಕಟ್ಟಲಿಲ್ಲ. ಹೇಳಿ. ಇದೇನಿದು?"

ನಾಳೆಬನ್ನಿಯವರು ಬಿಲ್ಲೆಯನ್ನು ನೋಡಿದರು. ಷಡ್ಡಕರನ್ನು ನೋಡಿದರು. ಸೂರನ್ನು ನೋಡಿದರು. ಮೂವತ್ತೊಂದು ವರ್ಷದ ಅನುಭವ ತಾನಾಗಿಯೇ ನಾಲಗೆಗೆ ಬಂತು.

"ನಾಳೆ ಹೇಳ್ತೀನಿ."

ಹೆಂಡತಿ ಒಳಗೆ ಹೋಗಿ ಅಡುಗೆಮನೆಯ ಸ್ಟೂಲು ತಂದು, ಗಂಡನ ಎದುರಿಗೆ ಹಾಕಿ, ಕೂತರು.